ಎಫ್‌ಸಿ ದಿನಕ್ಕೆ ಎರವಲು ಟೈರ್ ಬೇಡ

ನಮ್ಮೂರಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಒಂದು ಕಾಲಕ್ಕೆ ನಾಲ್ಕು ಟೈರುಗಳಿದ್ದವು. ಯಾರ ಗಾಡಿಯವೂ ಅಲ್ಲ, ಎಲ್ಲರ ಗಾಡಿಯವೂ ಹೌದು. ಯಾರ ಅಂಬಾಸಡರ್‌ಗೆ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟಿನ ತಪಾಸಣೆ, ಬಂತೋ ಅವರ ಗಾಡಿಗೆ ಹಿಂದಿನ ರಾತ್ರಿ ಡಿಸ್ಕ್ ಸಮೇತ ಆ ಟೈರುಗಳು ಏರುತ್ತಿದ್ದವು. ತಪಾಸಣೆ ಮುಗಿಸಿ ಬಂದ ಸಂಜೆಯೇ ಇಳಿದು, ಪಕ್ಕದ ಪಂಕ್ಚರ್ ಅಂಗಡಿಯ ಅಟ್ಟ ಸೇರುತ್ತಿದ್ದವು. ಅಷ್ಟು ವರ್ಷ ಕಳೆದರೂ ಅವುಗಳ ಬಟನ್ ಸವೆದಿರಲಿಲ್ಲ. ಸವೆಯುವಷ್ಟು ದೂರ ಅವು ಓಡಿದ್ದೇ ಇಲ್ಲವಲ್ಲ.

ಅಪ್ಪನೂ ಒಂದು ವರ್ಷ ಹಾಗೇ ಮಾಡಿದರು. ಕೈಯಲ್ಲಿ ದುಡ್ಡಿರಲಿಲ್ಲ, ಎಫ್‌ಸಿ ದಿನ ಬಂದುಬಿಟ್ಟಿತ್ತು. ಸರ್ಟಿಫಿಕೇಟ್ ಸಿಕ್ಕ ಹನ್ನೊಂದನೆಯ ದಿನ, ಜುಲೈ ಮಳೆಯಲ್ಲಿ ಆಗುಂಬೆ ಘಾಟಿ ಇಳಿಯುವಾಗ ಒಂದು ತಿರುವಿನಲ್ಲಿ ಗಾಡಿ ಬ್ರೇಕಿಗೂ ಸ್ಟೀರಿಂಗಿಗೂ ಜಗ್ಗದೆ ಜಾರಿ, ತಡೆಗೋಡೆಗೆ ಮೈ ಒರೆಸಿಕೊಂಡು ನಿಂತಿತು. ಒಳಗಿದ್ದ ಐದೂ ಜನ ಕ್ಷೇಮವಾಗಿ ಇಳಿದರು. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಹೊಸ ಸರ್ಟಿಫಿಕೇಟ್ ಇತ್ತು. ಅದು ಸಿಕ್ಕಿದ್ದು ಬೇರೆ ಟೈರುಗಳಿಗೆ. ಆಮೇಲೆ ಅಪ್ಪ ಗಾಡಿ ಮಾರುವವರೆಗೂ ಎಫ್‌ಸಿಗೆಂದು ಹಾಕಿಸಿದ್ದನ್ನು ಒಮ್ಮೆಯೂ ಬಿಚ್ಚಿಸಲಿಲ್ಲ.

ಹಳೆಯ ಕಾರನ್ನು ತಪಾಸಣೆಗೆ ಸಿದ್ಧ ಮಾಡುವ ಬಗ್ಗೆ ನಾನು ಹೇಳಬೇಕಾದದ್ದೂ ಇಷ್ಟೇ: ಆ ದಿನಕ್ಕೆಂದು ಏನು ಮಾಡಿಸುತ್ತೀರೋ ಅದು ಮಾರನೆಯ ದಿನವೂ ಗಾಡಿಯಲ್ಲೇ ಇರಬೇಕು. ಹಾಗೆ ಮಾಡಲು ಏನೇನು ನೋಡಬೇಕು, ಯಾವುದನ್ನು ಮನೆಯಂಗಳದಲ್ಲೇ ನೋಡಿಕೊಳ್ಳಬಹುದು, ಯಾವುದಕ್ಕೆ ಮೇಸ್ತ್ರಿ ಬೇಕು ಎಂಬುದನ್ನು ಬಿಡಿಸಿ ಹೇಳುತ್ತೇನೆ.

ಯಾರಿಗೆ, ಯಾವಾಗ

ಹಳದಿ ಬೋರ್ಡಿನ ಗಾಡಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಎಂಟು ದಾಟಿದ ಮೇಲೆ ಪ್ರತಿವರ್ಷ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 62ನೇ ನಿಯಮ ಹೇಳುವುದು ಇದನ್ನೇ. ಇದನ್ನು ಬರೀ ದಂಡದ ವಿಷಯ ಎಂದುಕೊಳ್ಳಬೇಡಿ. 1988ರ ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ ಎಫ್‌ಸಿ ಇಲ್ಲದ ಸಾರಿಗೆ ವಾಹನ ನೋಂದಣಿಯೇ ಆಗದ ವಾಹನಕ್ಕೆ ಸಮ. ಅಂಥ ಗಾಡಿ ಅಪಘಾತಕ್ಕೆ ಸಿಕ್ಕರೆ ವಿಮಾ ಕಂಪನಿ ಮೊದಲು ಎತ್ತುವ ತಕರಾರು ಅದೇ. ಅವಧಿ ಮೀರಿದರೆ ದಿನಕ್ಕೆ 50 ರೂಪಾಯಿಯಂತೆ ಹೆಚ್ಚುವರಿ ಶುಲ್ಕವೂ ಬೆಳೆಯುತ್ತದೆ.

ಬಿಳಿ ಬೋರ್ಡಿನ ಸ್ವಂತ ಕಾರಿಗೆ ಲೆಕ್ಕ ಬೇರೆ. ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಗಾಡಿಯನ್ನು ತೋರಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಅರ್ಜಿ ನಮೂನೆ 25ರಲ್ಲಿ. ಅವಧಿ ಮುಗಿಯಲು 60 ದಿನ ಇರುವಾಗಿನಿಂದ ಹಾಕಬಹುದು. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ 5,000 ರೂಪಾಯಿ. 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ ಅದು 10,000 ಆಯಿತು. ತಡವಾದರೆ ತಿಂಗಳಿಗೆ 500 ರೂಪಾಯಿ. ಇದರ ಜತೆ ನಮ್ಮ ರಾಜ್ಯದ ಹಸಿರು ತೆರಿಗೆಯೂ ಇದೆ. ಶುಲ್ಕಗಳು ಈಚೆಗೆ ಪದೇ ಪದೇ ಬದಲಾಗುತ್ತಿರುವುದರಿಂದ ಅರ್ಜಿ ಹಾಕುವ ದಿನವೇ ಪರಿವಾಹನ್ ಜಾಲತಾಣದಲ್ಲಿ ಮೊತ್ತ ನೋಡಿಕೊಳ್ಳಿ.

15 ವರ್ಷವಾದರೆ ಕಾರು ಗುಜರಿಗೇ ಹೋಗಬೇಕು ಎಂಬ ಮಾತು ನಮ್ಮಲ್ಲಿ ತುಂಬ ಹಬ್ಬಿದೆ. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಎಂಬ ಕಡಿವಾಣ ಹುಟ್ಟಿದ್ದು ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕಾಗಿ. ಸರ್ಕಾರಿ ವಾಹನಗಳಿಗೆ ಮಾತ್ರ 2023ರ ಏಪ್ರಿಲ್‌ನಿಂದ ದೇಶದಾದ್ಯಂತ 15 ವರ್ಷದ ಗಡಿ ಬಿದ್ದಿದೆ. ಕರ್ನಾಟಕದಲ್ಲಿ ನಿಮ್ಮ ಸ್ವಂತ ಕಾರು ತಪಾಸಣೆಯಲ್ಲಿ ಗೆದ್ದರೆ ಓಡಬಹುದು. ಈ ಭಯದಲ್ಲೇ ಚೆನ್ನಾಗಿರುವ ಗಾಡಿಯನ್ನು ಕವಡೆ ಕಾಸಿಗೆ ಮಾರಿಕೊಂಡವರನ್ನು ಕಂಡು ಬೇಸರಪಟ್ಟಿದ್ದೇನೆ.

ಇನ್ನೊಂದು ಮಾತು ಬಿಳಿ ಬೋರ್ಡಿನವರಿಗೆ. ಕಾನೂನು ಐದು ವರ್ಷ ಬಿಟ್ಟಿದೆ ಎಂದು ನೀವೂ ಐದು ವರ್ಷ ಬಿಡಬೇಡಿ. ಹಳೆಯ ಗಾಡಿಯ ರಬ್ಬರು, ಕಬ್ಬಿಣ ಅಷ್ಟು ಕಾಲ ಕಾಯುವುದಿಲ್ಲ. ವರ್ಷಕ್ಕೊಮ್ಮೆ, ಮಲೆನಾಡು ಕರಾವಳಿಯವರಾದರೆ ಮೇ ತಿಂಗಳಲ್ಲಿ ಮಳೆ ಕಾಲಿಡುವ ಮುಂಚೆ, ಮುಂದೆ ಹೇಳುವುದನ್ನೆಲ್ಲ ನೋಡಿಬಿಡಿ. ಹಳದಿ ಬೋರ್ಡಿನವರು ಎಫ್‌ಸಿ ದಿನದಿಂದ ನಲವತ್ತೈದು ದಿನ ಹಿಂದಕ್ಕೆ ಎಣಿಸಿ ಕೆಲಸ ಶುರು ಮಾಡಲಿ. ಹಳೆಯ ಮಾದರಿಯ ಬಿಡಿಭಾಗ ಹುಡುಕಲು ವಾರಗಳೇ ಹಿಡಿಯುತ್ತವೆ. ಹೆಚ್ಚಿನವರು ಎರವಲಿಗೆ ಕೈ ಚಾಚುವುದು ಕೊನೆಯ ಮೂರು ದಿನದ ಅವಸರದಲ್ಲಿ.

ಮೊದಲು ಹೊಟ್ಟೆಯಡಿ

ಎಲ್ಲರೂ ಬಣ್ಣದಿಂದ ಶುರು ಮಾಡುತ್ತಾರೆ. ನೀವು ಗಾಡಿಯ ಹೊಟ್ಟೆಯಿಂದ ಶುರು ಮಾಡಿ. ಅಲ್ಲಿ ಕೆಲಸ ಇದ್ದರೆ ಅದಕ್ಕೇ ಹೆಚ್ಚು ದಿನ, ಹೆಚ್ಚು ದುಡ್ಡು ಬೇಕು. ವಾಟರ್ ಸರ್ವಿಸ್‌ಗೆ ಕೊಟ್ಟು ಕೆಳಭಾಗದ ಕೆಸರೆಲ್ಲ ಹೋಗುವಂತೆ ತೊಳೆಸಿ, ಗಾಡಿ ರ‍್ಯಾಂಪಿನ ಮೇಲಿರುವಾಗಲೇ ಟಾರ್ಚ್ ಹಿಡಿದು ಕೆಳಗೆ ಹೋಗಿ. ಕೈಯಲ್ಲೊಂದು ಸ್ಕ್ರೂಡ್ರೈವರ್ ಇರಲಿ. ಅದರ ಹಿಡಿಯಿಂದ ತಟ್ಟುತ್ತ ಹೋಗಿ. ಗಟ್ಟಿ ಲೋಹ ಠಣ್ ಎನ್ನುತ್ತದೆ, ತಿಂದುಹೋದದ್ದು ಒದ್ದೆ ರಟ್ಟಿನಂತೆ ಮಂಕಾಗಿ ಸದ್ದು ಮಾಡುತ್ತದೆ. ಬಾಗಿಲ ಕೆಳಗಿನ ಪಟ್ಟಿ, ಜ್ಯಾಕ್ ಕೊಡುವ ಜಾಗ, ಸ್ಟೆಪ್ನಿ ಕೂರುವ ಗುಂಡಿ, ಸಸ್ಪೆನ್ಷನ್ ಬಂದು ಬಾಡಿಗೆ ಕಚ್ಚಿಕೊಳ್ಳುವ ಮೂಲೆ, ಇವು ಮುಖ್ಯ. ಒಳಗಡೆ ಚಾಪೆ ಎತ್ತಿ ನೆಲವನ್ನೂ ನೋಡಿ. ಎಸಿಯ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡಿದ್ದರೆ ಮುಂದಿನ ಸೀಟಿನ ಕಾಲಬುಡದಲ್ಲಿ ಕಾರ್ಪೆಟ್ಟಿನಡಿ ನೀರು ನಿಂತಿರುತ್ತದೆ, ಮಾಲೀಕನಿಗೆ ಗೊತ್ತೇ ಇರುವುದಿಲ್ಲ.

ಊರಿನಿಂದ ಊರಿಗೆ ತುಕ್ಕಿನ ಗುಣ ಬೇರೆ. ಬಯಲುಸೀಮೆಯ ಇಪ್ಪತ್ತು ವರ್ಷದ ಕಾರಿನ ತಳ ಕೆಲವೊಮ್ಮೆ ನಮ್ಮ ಕಡೆಯ ಎಂಟು ವರ್ಷದ ಕಾರಿನ ತಳಕ್ಕಿಂತ ಚೊಕ್ಕವಾಗಿರುತ್ತದೆ. ಮಲೆನಾಡಿನಲ್ಲಿ ಕೆಂಪು ಕೆಸರು ಮೂಲೆಗಳಲ್ಲಿ ಮೆತ್ತಿಕೊಂಡು ತಿಂಗಳುಗಟ್ಟಲೆ ತೇವ ಹಿಡಿದಿಡುತ್ತದೆ. ಕರಾವಳಿಯಲ್ಲಿ ಗಾಳಿಯ ಉಪ್ಪು ಸಾಲದೆಂದು ಹೆದ್ದಾರಿಯಲ್ಲಿ ಮೀನಿನ ಲಾರಿಗಳಿಂದ ಸೋರುವ ಉಪ್ಪುನೀರೂ ಸೇರುತ್ತದೆ. ಮಂಗಳೂರು, ಮಲ್ಪೆ, ಕಾರವಾರದ ಕಡೆ ಓಡುವ ಗಾಡಿಯ ತಳವನ್ನು ತಿಂಗಳಿಗೊಮ್ಮೆಯಾದರೂ ಸಿಹಿನೀರಿನಲ್ಲಿ ತೊಳೆಸಬೇಕು.

ತೂತು ಸಿಕ್ಕರೆ ತಿಂದ ಭಾಗವನ್ನು ಕತ್ತರಿಸಿ ತೆಗೆದು, ಹೊಸ ತಗಡು ಕೂರಿಸಿ ಸುತ್ತ ಬೆಸುಗೆ ಹಾಕಿಸಬೇಕು. ಬೇರೆ ದಾರಿ ಇಲ್ಲ. ತೂತಿನ ಮೇಲೆ ಪುಟ್ಟಿ ಮೆತ್ತಿ ಕಪ್ಪು ಅಂಡರ್‌ಕೋಟ್ ಹೊಡೆದುಕೊಡುವ ಟಿಂಕರ್‌ಗಳಿದ್ದಾರೆ. ಆ ಕೋಟಿಂಗ್ ತುಕ್ಕನ್ನು ಮುಚ್ಚುತ್ತದೆ, ಒಳಗಿನ ತೇವವನ್ನು ಅಲ್ಲೇ ಹಿಡಿದಿಟ್ಟು ಇನ್ನಷ್ಟು ಬೇಗ ತಿನ್ನಿಸುತ್ತದೆ. ಬೆಸುಗೆಗೆ ಮುಂಚೆ ಬ್ಯಾಟರಿಯ ವೈರ್ ಬಿಚ್ಚಿಸಿ, ಪೆಟ್ರೋಲ್ ಪೈಪು, ಬ್ರೇಕ್ ಪೈಪು ಎಲ್ಲಿ ಹಾದುಹೋಗಿವೆ ಎಂದು ಕೇಳಿ ತಿಳಿದುಕೊಳ್ಳಿ. ಈ ಪೈಪುಗಳನ್ನೂ ಅದೇ ಹೊತ್ತಿನಲ್ಲಿ ಬೆರಳಾಡಿಸಿ ನೋಡಿಬಿಡಿ. ಮೇಲ್ಮೈಯ ಕೆಂಪು ಧೂಳು ಉಜ್ಜಿದರೆ ಹೋಗುತ್ತದೆ. ಪದರ ಪದರವಾಗಿ ಏಳುತ್ತಿದ್ದರೆ ಪೈಪ್ ಬದಲಾಯಿಸಲೇಬೇಕು.

ಬ್ರೇಕ್ ಇನ್‌ಸ್ಪೆಕ್ಟರ್ ಎಂಬ ಹೆಸರು

ಸರ್ಕಾರದ ಕಡತದಲ್ಲಿ ಅವರು ಮೋಟಾರು ವಾಹನ ನಿರೀಕ್ಷಕರು. ಜನ ಇಟ್ಟ ಹೆಸರು ಬ್ರೇಕ್ ಇನ್‌ಸ್ಪೆಕ್ಟರ್. ಆ ಹೆಸರಿನಲ್ಲಿ ತಿಳಿವಳಿಕೆ ಇದೆ. ಗಾಡಿಯಲ್ಲಿ ನೋಡುವ ನೂರೆಂಟು ಸಂಗತಿಗಳಲ್ಲಿ ಮೊದಲನೆಯದು ಯಾವುದೆಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ನಿಮ್ಮ ಬಳಿ ಇರುವ ದುಡ್ಡು ಒಂದೇ ಕೆಲಸಕ್ಕೆ ಸಾಲುವಷ್ಟಿದ್ದರೆ ಅದು ಬ್ರೇಕಿಗೆ ಹೋಗಲಿ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳು ಇವು. ಎಂಜಿನ್ ಆರಿಸಿ, ಪೆಡಲ್ ಗಟ್ಟಿಯಾಗುವವರೆಗೆ ಐದಾರು ಸಲ ತುಳಿಯಿರಿ. ಕಾಲನ್ನು ಪೆಡಲ್ ಮೇಲೆ ಒತ್ತಿಹಿಡಿದೇ ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಇಳಿಯದಿದ್ದರೆ ಬೂಸ್ಟರ್ ಅಥವಾ ಅದಕ್ಕೆ ಹೋಗುವ ರಬ್ಬರ್ ಪೈಪ್ ಕೆಟ್ಟಿದೆ. ಈಗ ಎಂಜಿನ್ ಓಡುತ್ತಿರಲಿ, ಪೆಡಲನ್ನು ಒಂದೇ ಬಲದಲ್ಲಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಮೆಲ್ಲಗೆ ನೆಲದ ಕಡೆಗೆ ಮುಳುಗುತ್ತ ಹೋದರೆ ಎಲ್ಲೋ ಸೋರಿಕೆ ಇದೆ, ಅಥವಾ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೋತಿದೆ. ಆ ಗಾಡಿಯನ್ನು ಗ್ಯಾರೇಜಿಗೂ ಓಡಿಸಿಕೊಂಡು ಹೋಗಬೇಡಿ, ಮೇಸ್ತ್ರಿಯನ್ನು ಮನೆಗೆ ಕರೆಸಿ. ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಲೈನಿನಲ್ಲಿ ಗಾಳಿ ಸೇರಿದೆ.

ಮೂರನೆಯದಕ್ಕೆ ಖಾಲಿ, ಸಮತಟ್ಟಾದ ರಸ್ತೆ ಬೇಕು. ಗಂಟೆಗೆ ಮೂವತ್ತು ಕಿಲೋಮೀಟರ್ ವೇಗದಲ್ಲಿ, ಸ್ಟೀರಿಂಗನ್ನು ಸಡಿಲವಾಗಿ ಹಿಡಿದು ಬ್ರೇಕ್ ಒತ್ತಿ. ಗಾಡಿ ಒಂದು ಕಡೆಗೆ ಎಳೆದರೆ ಎರಡು ಚಕ್ರದ ಬ್ರೇಕ್ ಸಮ ಇಲ್ಲ. ಹಳೆಯ ಕಾರಿನಲ್ಲಿ ಹೆಚ್ಚಾಗಿ ಕ್ಯಾಲಿಪರಿನ ಪಿನ್ ತುಕ್ಕು ಹಿಡಿದು ಕೂತಿರುತ್ತದೆ. ಬಿಚ್ಚಿ, ಉಜ್ಜಿ, ಸರಿಯಾದ ಗ್ರೀಸ್ ಹಾಕಿದರೆ ಸಣ್ಣ ಖರ್ಚಿನಲ್ಲಿ ಮುಗಿಯುವ ಕೆಲಸ. ಬಿಟ್ಟರೆ ಪ್ಯಾಡ್ ಒಂದೇ ಕಡೆ ಸವೆದು ಡಿಸ್ಕನ್ನೂ ಕೊರೆಯುತ್ತದೆ. ಹಿಂದಿನ ಡ್ರಮ್ಮುಗಳನ್ನು ತಪ್ಪದೆ ಬಿಚ್ಚಿಸಿ. ಒಳಗಿನ ಚಿಕ್ಕ ಸಿಲಿಂಡರಿನ ರಬ್ಬರ್ ಟೊಪ್ಪಿಗೆ ಎತ್ತಿದಾಗ ಒದ್ದೆ ಕಂಡರೆ ಸೋರಿಕೆ ಶುರುವಾಗಿದೆ. ಮುಂದಿನ ಪ್ಯಾಡಿನ ದಪ್ಪ ಮೂರು ಮಿಲಿಮೀಟರಿಗೆ ಇಳಿದಿದ್ದರೆ ಇನ್ನೂ ಸ್ವಲ್ಪ ಓಡಲಿ ಎನ್ನದೆ ಬದಲಾಯಿಸಿ. ಒಂದು ಕಡೆಯದನ್ನು ಮಾತ್ರ ಅಲ್ಲ, ಎರಡೂ ಕಡೆಯದನ್ನು ಒಟ್ಟಿಗೆ.

ಬ್ರೇಕ್ ಆಯಿಲ್ ವಿಷಯದಲ್ಲಿ ನಮ್ಮ ಜನ ತೋರುವ ಅಸಡ್ಡೆ ನನಗೆ ಅರ್ಥವಾಗುವುದಿಲ್ಲ. ಎಂಜಿನ್ ಆಯಿಲನ್ನು ತಪ್ಪದೆ ಬದಲಾಯಿಸುವವರೂ ಇದನ್ನು ಹತ್ತು ವರ್ಷ ಹಾಗೇ ಬಿಟ್ಟಿರುತ್ತಾರೆ. ಇದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ತೇವ ಸೇರಿದಷ್ಟೂ ಇದು ಕುದಿಯುವ ಉಷ್ಣತೆ ಕೆಳಗಿಳಿಯುತ್ತದೆ. ಚಾರ್ಮಾಡಿಯಂಥ ಘಾಟಿಯಲ್ಲಿ ಉದ್ದಕ್ಕೂ ಬ್ರೇಕ್ ಹಿಡಿದು ಇಳಿಯುವಾಗ ಬಿಸಿಗೆ ಅದು ಕುದ್ದು ಆವಿಯಾದರೆ ಪೆಡಲ್ ತುಳಿದದ್ದೆಲ್ಲ ಆ ಆವಿಯನ್ನು ಒತ್ತುವುದಕ್ಕೇ ಹೋಗುತ್ತದೆ, ಚಕ್ರಕ್ಕೆ ಮುಟ್ಟುವುದಿಲ್ಲ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುತ್ತದೆ, ಅದನ್ನೇ ಹಾಕಿಸಿ.

ಹ್ಯಾಂಡ್‌ಬ್ರೇಕನ್ನು ಏರಿನಲ್ಲಿ ನಿಲ್ಲಿಸಿ ನೋಡಿ. ಐದರಿಂದ ಏಳು ಕಟಕಟ ಸದ್ದಿನೊಳಗೆ ಗಾಡಿ ಕಚ್ಚಿ ನಿಲ್ಲಬೇಕು. ಗೇರ್‌ನಲ್ಲಿ ನಿಲ್ಲಿಸಿಯೇ ಅಭ್ಯಾಸವಾದವರ ಗಾಡಿಯಲ್ಲಿ ಇದರ ಕೇಬಲ್ ಬಳಕೆಯಿಲ್ಲದೆ ತುಕ್ಕು ಹಿಡಿದಿರುತ್ತದೆ.

ನೆಲಮಂಗಲದಲ್ಲಿ ಇರುವಂಥ ಯಂತ್ರ ತಪಾಸಣಾ ಕೇಂದ್ರಕ್ಕೆ ನಿಮ್ಮ ಗಾಡಿ ಹೋಗಬೇಕಾದರೆ ಇದೆಲ್ಲ ಇನ್ನೂ ಮುಖ್ಯ. ಅಲ್ಲಿ ಚಕ್ರಗಳನ್ನು ತಿರುಗುವ ರೋಲರ್‌ಗಳ ಮೇಲೆ ಕೂರಿಸಿ, ಒಂದೊಂದು ಚಕ್ರ ಎಷ್ಟು ಬಲದಿಂದ ನಿಲ್ಲುತ್ತದೆ, ಎಡಬಲದ ನಡುವೆ ಎಷ್ಟು ವ್ಯತ್ಯಾಸ ಎಂದು ಅಳೆಯುತ್ತಾರೆ. ತಟ್ಟೆಗಳ ಮೇಲೆ ಹಾಯಿಸಿ ಗಾಡಿ ಪಕ್ಕಕ್ಕೆ ಜಾರುವುದನ್ನು, ದೀಪದ ಬೆಳಕು ಬೀಳುವ ಎತ್ತರವನ್ನು, ಸ್ಟೀರಿಂಗ್ ಕೀಲುಗಳ ಸಡಿಲವನ್ನು ಬೇರೆ ಬೇರೆ ಯಂತ್ರಗಳು ನೋಡುತ್ತವೆ. ಇಂಥ ಕೇಂದ್ರಗಳು ಹೆಚ್ಚುತ್ತಿರುವುದು ನನಗೆ ಸಮಾಧಾನದ ಸಂಗತಿ. ಬ್ರೇಕ್ ಹಿಡಿಯುತ್ತದೋ ಇಲ್ಲವೋ ಎಂಬ ಪ್ರಶ್ನೆಗೆ ಅಲ್ಲಿ ಅಂಕಿಯಲ್ಲಿ ಉತ್ತರ ಸಿಗುತ್ತದೆ.

ಸ್ಟೀರಿಂಗು, ಟೈರು

ಮುಂದಿನ ಒಂದು ಚಕ್ರವನ್ನು ಜ್ಯಾಕಿನಲ್ಲಿ ಎತ್ತಿ, ಕೆಳಗೆ ಆಸರೆ ಕೊಟ್ಟು, ಗಡಿಯಾರದಲ್ಲಿ ಒಂಬತ್ತು ಮತ್ತು ಮೂರು ಇರುವ ಜಾಗದಲ್ಲಿ ಟೈರು ಹಿಡಿದು ಅಲ್ಲಾಡಿಸಿ. ಆಟ ಕಂಡರೆ ಟೈರಾಡ್ ತುದಿ ಸವೆದಿದೆ. ಹನ್ನೆರಡು ಮತ್ತು ಆರರ ಜಾಗದಲ್ಲಿ ಹಿಡಿದಾಗ ಆಡಿದರೆ ಬಾಲ್‌ಜಾಯಿಂಟ್ ಅಥವಾ ಬೇರಿಂಗ್. ಇವುಗಳ ರಬ್ಬರ್ ಬೂಟು ಹರಿದಿದ್ದರೆ ಈಗ ಆಟ ಇಲ್ಲದಿದ್ದರೂ ಬದಲಾಯಿಸಿ. ಹರಿದ ಬೂಟಿನೊಳಗೆ ನಮ್ಮ ಕೆಂಪು ಮಣ್ಣು ಹೊಕ್ಕರೆ ಕೀಲು ಒಂದು ಮಳೆಗಾಲವನ್ನೂ ದಾಟುವುದಿಲ್ಲ.

ಕಾರಿನ ಟೈರಿನ ಬಟನ್ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಅಳತೆಗೆ ಉಪಕರಣ ಬೇಡ. ಬಟನ್‌ಗಳ ನಡುವಿನ ಕಾಲುವೆಯಲ್ಲಿ ಅಡ್ಡಕ್ಕೆ ಚಿಕ್ಕ ರಬ್ಬರ್ ದಿಬ್ಬಗಳಿರುತ್ತವೆ. ಟೈರಿನ ಮೇಲ್ಮೈ ಆ ದಿಬ್ಬದ ಮಟ್ಟಕ್ಕೆ ಇಳಿದರೆ ಟೈರಿನ ಆಯುಷ್ಯ ಮುಗಿಯಿತು. ಮಳೆನಾಡಿನಲ್ಲಿ ಅಷ್ಟರವರೆಗೆ ಕಾಯುವುದೂ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ, ಮೂರು ಮಿಲಿಮೀಟರಿಗೆ ಇಳಿದಾಗಲೇ ಬದಲಾಯಿಸಿ. ನೀರನ್ನು ಪಕ್ಕಕ್ಕೆ ತಳ್ಳಲು ಆ ಕಾಲುವೆಯ ಆಳ ಬೇಕು. ಅಪ್ಪನ ಗಾಡಿಗೆ ಆ ದಿನ ಇಲ್ಲದೆ ಹೋದದ್ದು ಅದೇ.

ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಯ ಗುರುತಿರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಕಡಿಮೆ ಓಡುವ ಸ್ವಂತ ಕಾರುಗಳಲ್ಲಿ ಬಟನ್ ಚೆನ್ನಾಗಿದ್ದೂ ರಬ್ಬರು ಒಣಗಿ ಪಕ್ಕೆಯಲ್ಲಿ ಬಿರುಕು ಬಿಟ್ಟಿರುತ್ತದೆ, ಕಣ್ಣು ಬಟನ್ ಮೇಲಷ್ಟೇ ಹೋದರೆ ಇದು ತಪ್ಪಿಹೋಗುತ್ತದೆ. ಸವೆತದ ರೀತಿಯನ್ನೂ ಓದಿ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು, ಎರಡೂ ಅಂಚು ಸವೆದಿದ್ದರೆ ಕಡಿಮೆಯಾಗಿತ್ತು, ಒಳಗಿನ ಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ. ಕಾರಣ ಸರಿಪಡಿಸದೆ ಹೊಸ ಟೈರ್ ಹಾಕಿದರೆ ಅದೂ ಹಾಗೇ ಸವೆಯುತ್ತದೆ. ಸ್ಟೆಪ್ನಿಯನ್ನೂ ತೋರಿಸಬೇಕಾಗುತ್ತದೆ, ಅದರ ಗಾಳಿ ನೋಡಿಡಿ.

ದೀಪಗಳನ್ನು ಒಂದು ಸಂಜೆ ಮುಗಿಸಬಹುದು. ಕತ್ತಲಾದ ಮೇಲೆ ಗೋಡೆಗೆ ಮುಖ ಮಾಡಿ ನಿಲ್ಲಿಸಿ ಮುಂದಿನವನ್ನು, ತಿರುಗಿಸಿ ನಿಲ್ಲಿಸಿ ಕನ್ನಡಿಯಲ್ಲಿ ಬ್ರೇಕ್ ಲೈಟು, ರಿವರ್ಸ್ ಲೈಟನ್ನು ನೋಡಿ. ಇಂಡಿಕೇಟರ್ ಒಂದು ಕಡೆ ಅವಸರವಾಗಿ ಮಿಟುಕಿದರೆ ಆ ಕಡೆಯ ಒಂದು ಬಲ್ಬ್ ಹೋಗಿದೆ. ಬಲ್ಬ್ ಸರಿಯಿದ್ದೂ ಬೆಳಕು ಮಂಕಾಗಿದ್ದರೆ ಅರ್ತ್ ವೈರಿನ ಬುಡ ಕಿಲುಬು ಹಿಡಿದಿರುತ್ತದೆ, ಉಜ್ಜಿ ಬಿಗಿ ಮಾಡಿ. ಹಳದಿ ತಿರುಗಿದ ಪ್ಲಾಸ್ಟಿಕ್ ಗಾಜನ್ನು ಪಾಲಿಶ್ ಮಾಡಿಸಬಹುದು. ನಂಬರ್ ಪ್ಲೇಟಿನ ಮೇಲಿನ ಪುಟ್ಟ ದೀಪ ಮರೆಯಬೇಡಿ. ವೈಪರ್, ಹಾರ್ನ್, ಸೀಟ್ ಬೆಲ್ಟ್, ಕನ್ನಡಿ ಇವಕ್ಕೆ ಐದು ನಿಮಿಷ ಸಾಕು.

ಹೊಗೆ

ನಮ್ಮಲ್ಲಿ ಎಮಿಷನ್ ಟೆಸ್ಟ್ ಎಂದರೆ ಪೆಟ್ರೋಲ್ ಬಂಕಿನ ಪಕ್ಕದ ವ್ಯಾನಿನಲ್ಲಿ ಎರಡು ನಿಮಿಷದ ಕೆಲಸ ಎಂದಾಗಿದೆ. ನಿಮ್ಮ ಗಾಡಿಗೆ ಯಾವ ಮಿತಿ ಅನ್ವಯಿಸುತ್ತದೆ ಎಂದು ತಿಳಿದಿರಲಿ. ಭಾರತ್ ಸ್ಟೇಜ್ 2 ಮತ್ತು 3ರ ಪೆಟ್ರೋಲ್ ಕಾರಿಗೆ ಕಾರ್ಬನ್ ಮಾನಾಕ್ಸೈಡ್ ಶೇ 0.5, ಹೈಡ್ರೋಕಾರ್ಬನ್ 750 ಪಿಪಿಎಂ. ಸ್ಟೇಜ್ 4 ಆದರೆ ಶೇ 0.3 ಮತ್ತು 200 ಪಿಪಿಎಂ. ಡೀಸೆಲ್ ಹೊಗೆಯ ದಟ್ಟಣೆಗೆ ಹಳೆಯದಕ್ಕೆ 65, ಸ್ಟೇಜ್ 4ಕ್ಕೆ 50 ಹಾರ್ಟ್‌ರಿಜ್ ಮಾನ. ಸ್ಟೇಜ್ 4 ನಮ್ಮ ಬೆಂಗಳೂರಿಗೆ ಬಂದದ್ದು 2010ರ ಏಪ್ರಿಲ್‌ನಲ್ಲಿ, ಇಡೀ ದೇಶಕ್ಕೆ ಬಂದದ್ದು 2017ರಲ್ಲಿ. ಹಾಗಾಗಿ ಒಂದೇ ವರ್ಷ ಕೊಂಡ ಒಂದೇ ಮಾದರಿಯ ಎರಡು ಕಾರಿಗೆ, ಒಂದು ಬೆಂಗಳೂರಿನದು ಇನ್ನೊಂದು ಶಿವಮೊಗ್ಗದ್ದಾದರೆ, ಬೇರೆ ಬೇರೆ ಮಿತಿ ಇರಬಹುದು. ಸ್ಟೇಜ್ 4ರ ಗಾಡಿಗೆ ಸರ್ಟಿಫಿಕೇಟ್ ಒಂದು ವರ್ಷ ನಡೆಯುತ್ತದೆ, ಅದಕ್ಕಿಂತ ಹಳೆಯದಕ್ಕೆ ಆರು ತಿಂಗಳು.

ಪರೀಕ್ಷೆಗೆ ಮುಂಚೆ ಏರ್ ಫಿಲ್ಟರ್ ಬದಲಾಯಿಸಿ, ಪೆಟ್ರೋಲ್ ಗಾಡಿಯಾದರೆ ಪ್ಲಗ್ಗುಗಳನ್ನೂ ನೋಡಿಸಿ. ಎಂಜಿನ್ ಆಯಿಲ್ ಹಳೆಯದಾಗಿದ್ದರೆ ಅದೂ ಹೊಸದಾಗಲಿ. ಪರೀಕ್ಷೆಗೆ ಹೋಗುವಾಗ ಇಪ್ಪತ್ತು ನಿಮಿಷವಾದರೂ ಹೆದ್ದಾರಿಯಲ್ಲಿ ಓಡಿಸಿಕೊಂಡು ಹೋಗಿ; ಸೈಲೆನ್ಸರಿನ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯಾದ ಮೇಲಷ್ಟೇ ಕೆಲಸ ಮಾಡುವುದು. ಬೆಳಿಗ್ಗೆ ಸ್ಟಾರ್ಟ್ ಮಾಡಿ ಎದುರಿನ ವ್ಯಾನಿಗೆ ತೋರಿಸಿದರೆ ಒಳ್ಳೆಯ ಎಂಜಿನ್ನೂ ಫೇಲಾಗಬಹುದು. ಡೀಸೆಲ್ ಗಾಡಿಯನ್ನು ಪೂರ್ತಿ ರೇಸ್ ಮಾಡಿ ಹೊಗೆ ಅಳೆಯುತ್ತಾರೆ. ಟೈಮಿಂಗ್ ಬೆಲ್ಟ್ ಬದಲಾಯಿಸಿ ಕಾಲವಾಗಿದ್ದರೆ ಮೊದಲು ಅದನ್ನು ಮಾಡಿಸಿ, ಆ ರೇಸಿನಲ್ಲಿ ಅದು ಕಡಿದರೆ ಎಂಜಿನ್ನೇ ಹೋಗುತ್ತದೆ.

ಹೊಗೆಯ ಬಣ್ಣವೇ ಬಹಳ ಹೇಳುತ್ತದೆ. ಕಪ್ಪು ಹೊಗೆಗೆ ಇಂಧನ ಹೆಚ್ಚು, ಗಾಳಿ ಕಡಿಮೆ ಎಂಬುದು ಕಾರಣ. ಫಿಲ್ಟರ್, ಇಂಜೆಕ್ಟರ್ ಕಡೆ ನೋಡಿ. ನೀಲಿ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಚಳಿಯ ಬೆಳಿಗ್ಗೆ ಎರಡು ನಿಮಿಷ ಬಿಳಿ ಆವಿ ಬಂದರೆ ಚಿಂತೆ ಬೇಡ. ಬಿಸಿಯಾದ ಮೇಲೂ ಬಿಳಿಯಾಗಿಯೇ ಬರುತ್ತಿದ್ದು, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಎಫ್‌ಸಿಗಿಂತ ಮೊದಲು ಅದನ್ನು ನಿಭಾಯಿಸಿ. ಇನ್ನೂ ಒಂದಿದೆ: ಪರೀಕ್ಷೆಯ ಹೊತ್ತಿಗೆ ಮಾತ್ರ ಇಂಧನ ಕಡಿಮೆ ಮಾಡಿಕೊಟ್ಟು ಆಮೇಲೆ ಮತ್ತೆ ಹೆಚ್ಚಿಸಿಕೊಡುತ್ತೇನೆ ಎನ್ನುವ ಮೇಸ್ತ್ರಿಗಳು ಸಿಗುತ್ತಾರೆ. ಅದೂ ಆ ನಾಲ್ಕು ಟೈರುಗಳ ಜಾತಿಯದೇ. ನಿಮ್ಮ ಸೈಲೆನ್ಸರಿನ ಹಿಂದೆ ಬೈಕಿನಲ್ಲಿ ಮಗು ಕೂರಿಸಿಕೊಂಡು ಬರುವವರನ್ನು ನೆನೆದು ಬೇಡ ಎನ್ನಿ.

ಬಿಚ್ಚಬೇಕಾದ್ದು, ಜೋಡಿಸಬೇಕಾದ್ದು

ಆರ್‌ಸಿಯಲ್ಲಿ ಬರೆದದ್ದಕ್ಕೂ ಎದುರಿಗೆ ನಿಂತ ಗಾಡಿಗೂ ತಾಳೆ ಇರಬೇಕು. ಬಣ್ಣ ಬದಲಾಯಿಸಿದ್ದರೆ, ಬೇರೆ ಎಂಜಿನ್ ಕೂರಿಸಿದ್ದರೆ, ಗ್ಯಾಸ್ ಕಿಟ್ ಹಾಕಿಸಿದ್ದರೆ ಅದು ಆರ್‌ಸಿಯಲ್ಲಿ ದಾಖಲಾಗಿರಬೇಕು. ಸಿಎನ್‌ಜಿ ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ ಆಗಿರಬೇಕು, ಅದರ ಕಾಗದ ಜತೆಗಿರಲಿ. ಕಿಟಕಿಯ ಕಪ್ಪು ಫಿಲ್ಮನ್ನು ಸುಪ್ರೀಂ ಕೋರ್ಟ್ 2012ರಲ್ಲೇ ನಿಷೇಧಿಸಿತು. ಗಾಜು ತಾನಾಗಿ ಮುಂದೆ ಹಿಂದೆ ಶೇ 70, ಪಕ್ಕದಲ್ಲಿ ಶೇ 50 ಬೆಳಕು ಬಿಡಬೇಕೆಂಬುದು ನಿಯಮ. ಮುಂದಿನ ಕಬ್ಬಿಣದ ಕ್ರ್ಯಾಶ್ ಗಾರ್ಡ್ ಕಾನೂನಿಗೆ ವಿರುದ್ಧ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ಹೇಳಿದೆ. ಹಲವು ರಾಗದ ಹಾರ್ನ್ ಕೂಡ ನಿಷಿದ್ಧ. ಬಿಚ್ಚಿದ ಮೇಲೆ ಇವನ್ನು ಗುಜರಿಗೆ ಕೊಟ್ಟುಬಿಡಿ, ಮನೆಯಲ್ಲಿಟ್ಟರೆ ಮತ್ತೆ ಹಾಕುವ ಮನಸ್ಸಾಗುತ್ತದೆ.

2019ರ ಏಪ್ರಿಲ್‌ಗಿಂತ ಮುಂಚೆ ನೋಂದಣಿಯಾದ ಗಾಡಿಗೆ ಅತಿ ಸುರಕ್ಷಿತ ನೋಂದಣಿ ಫಲಕ ಹಾಕಿಸಿರಬೇಕು. ಅದರ ಜತೆ ಮುಂದಿನ ಗಾಜಿಗೆ ಅಂಟಿಸುವ ಸ್ಟಿಕ್ಕರ್ ಪೆಟ್ರೋಲ್ ಮತ್ತು ಸಿಎನ್‌ಜಿಗೆ ತಿಳಿನೀಲಿ, ಡೀಸೆಲ್‌ಗೆ ಕಿತ್ತಳೆ. ಟ್ಯಾಕ್ಸಿಗಳಲ್ಲಿ ವಾಹನದ ಜಾಡು ತಿಳಿಸುವ ಸಾಧನ, ಪ್ಯಾನಿಕ್ ಬಟನ್ ಕೆಲಸ ಮಾಡುತ್ತಿವೆಯೇ ನೋಡಿ. ಪ್ರಥಮ ಚಿಕಿತ್ಸೆ ಪೆಟ್ಟಿಗೆಯೊಳಗಿನ ಔಷಧಿಯ ಅವಧಿ ಮುಗಿದಿರಬಾರದು. ವಿಮೆ, ತೆರಿಗೆ, ಎಮಿಷನ್, ಪರ್ಮಿಟ್ ಎಲ್ಲವೂ ಆ ದಿನಕ್ಕೆ ಚಾಲ್ತಿಯಲ್ಲಿರಲಿ. ಬಾಕಿ ದಂಡವನ್ನು ಮೊದಲೇ ಕಟ್ಟಿಬಿಡಿ.

ಹಳೆಯ ಗಾಡಿಯವರು ಮರೆಯುವ ಒಂದು ಸಂಗತಿ ಚಾಸಿ ನಂಬರ್. ಕಾಗದವಿಟ್ಟು ಮೇಲೆ ಪೆನ್ಸಿಲ್ ಉಜ್ಜಿ ಅದರ ಅಚ್ಚು ತೆಗೆಯುತ್ತಾರೆ. ಗ್ರೀಸ್, ಬಣ್ಣ, ಕೊಳೆ ಸೇರಿ ಅದು ಕಾಣದಂತಾಗಿರುತ್ತದೆ. ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಒರೆಸಿ ಮನೆಯಲ್ಲೇ ಒಮ್ಮೆ ಅಚ್ಚು ತೆಗೆದು ನೋಡಿ. ಮರಳುಕಾಗದ ಹಚ್ಚಬೇಡಿ, ತಂತಿ ಬ್ರಷ್ಷೂ ಬೇಡ. ಅಂಕಿ ಸವೆದರೆ ತಿದ್ದಿದ ಗಾಡಿಯೆಂಬ ಅನುಮಾನಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ. ತುಕ್ಕು ತಿಂದು ಅಂಕಿ ಅಳಿಯುತ್ತಿದ್ದರೆ ತಪಾಸಣೆಗೆ ಮುಂಚೆಯೇ ಅಧಿಕಾರಿಗಳ ಗಮನಕ್ಕೆ ತನ್ನಿ.

ಫೇಲಾದರೆ

ಆ ದಿನ ಗಾಡಿಯನ್ನು ನೀವೇ ಒಯ್ಯಿರಿ. ಏಜೆಂಟರ ಕೈಗೆ ಕೊಟ್ಟರೆ ಕಾಗದ ಬರುತ್ತದೆ, ಗಾಡಿಯ ಬಗ್ಗೆ ನಿರೀಕ್ಷಕರು ಏನು ಹೇಳಿದರು ಎಂಬುದು ನಿಮಗೆ ತಲುಪುವುದಿಲ್ಲ. ಬೂಟ್ ಖಾಲಿ ಇರಲಿ, ಟೈರಿನ ಗಾಳಿ ಬೆಳಿಗ್ಗೆಯೇ ಸರಿಯಾಗಿರಲಿ. ನಿರೀಕ್ಷಕರು ಓಡಿಸಿ ನೋಡಿ ಇಳಿದಾಗ, ಪಾಸಾಗಿದ್ದರೂ, ಯಾವುದಾದರೂ ಸೋಲುತ್ತಿದೆಯೇ ಎಂದು ಕೇಳಿ ಬರೆದುಕೊಳ್ಳಿ. ಅಷ್ಟೊಂದು ಗಾಡಿಗಳನ್ನು ಓಡಿಸಿ ನೋಡಿದ ಕಾಲಿಗೆ ಪೆಡಲಿನಲ್ಲಿ ತಿಳಿಯುವುದು ನಿಮ್ಮ ಕಾಲಿಗೆ ತಿಳಿಯದಿರಬಹುದು.

ಫೇಲಾದರೆ ಕಾರಣಗಳನ್ನು ಬರಹದಲ್ಲಿ ಕೇಳಿ ಪಡೆಯಿರಿ. ಆ ಚೀಟಿಯನ್ನೇ ಮೇಸ್ತ್ರಿಯ ಕೈಗೆ ಕೊಡಿ. ಬೇರೆ ಕೆಲಸ ಸೇರಿಸುವುದಿದ್ದರೆ ಕಾರಣ ಕೇಳಿ, ಬದಲಾಯಿಸಿದ ಹಳೆಯ ಭಾಗವನ್ನು ತೋರಿಸಲು ಹೇಳಿ. ಬ್ರೇಕು, ಸ್ಟೀರಿಂಗು, ದೀಪ, ಹೊಗೆ ಇವೆಲ್ಲ ದುಡ್ಡು ಮತ್ತು ವಾರದ ಸಮಯದಲ್ಲಿ ಸರಿಯಾಗುವ ಸಂಗತಿಗಳು. ತಳದ ಮುಖ್ಯ ಉಕ್ಕು, ಸಸ್ಪೆನ್ಷನ್ ಕಚ್ಚುವ ಮೂಲೆ ತಿಂದುಹೋಗಿದ್ದರೆ ಮಾತು ಬೇರೆ. ಅಲ್ಲಿ ಬೆಸುಗೆಯ ಮೇಲೆ ಬೆಸುಗೆ ಹಾಕಿಸಿ ಇನ್ನೊಂದು ವರ್ಷ ಎಳೆಯುವುದಕ್ಕೆ ನಾನು ಯಾರಿಗೂ ಹೇಳಲಾರೆ. ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿ ಠೇವಣಿ ಪ್ರಮಾಣಪತ್ರ ತೆಗೆದುಕೊಳ್ಳಿ, ಆರ್‌ಸಿ ರದ್ದಾದದ್ದನ್ನು ಖಚಿತಪಡಿಸಿಕೊಳ್ಳಿ. ಕಾಗದ ನಿಮ್ಮ ಹೆಸರಿನಲ್ಲೇ ಉಳಿದು ಗಾಡಿ ಮಾತ್ರ ಬಿಡಿಬಿಡಿಯಾಗಿ ಮಾರಾಟವಾದರೆ ನಾಳೆ ಅದರ ಹೊಣೆ ನಿಮ್ಮದಾಗುತ್ತದೆ.

ಅಪ್ಪ ಕೊನೆಯ ಸಲ ಅಂಬಾಸಡರ್ ಎಫ್‌ಸಿ ಮಾಡಿಸಿದಾಗ ಟೈರು ಕೊಳ್ಳಲು ಮೂರು ತಿಂಗಳು ದುಡ್ಡು ಕೂಡಿಹಾಕಿದ್ದರು. ಮುಂದಕ್ಕೆ ಎರಡು ಹೊಸದು, ಹಿಂದಕ್ಕೆ ಎರಡು ಹೊಸದು. ಹಳೆಯವನ್ನು ಸ್ಟ್ಯಾಂಡಿನಲ್ಲಿ ಯಾರೋ ಕೇಳಿದರು. ಅಪ್ಪ ಕೊಡಲಿಲ್ಲ. ಬ್ಲೇಡ್ ತಂದು ನಾಲ್ಕರ ಪಕ್ಕೆಯನ್ನೂ ಸೀಳಿ, ಆಮೇಲೆ ಗುಜರಿಯವನ ಗಾಡಿಗೆ ಎತ್ತಿಹಾಕಿದರು.